ಹಳ್ಳ ದಾಟುವ ಹೊಗೆ

ಸದ್ದು ತೀರ ಸಣ್ಣದು, ಒಣಗಿದ ಎಲೆಯೊಂದು ತಗಡಿನ ಮೇಲೆ ಬಿದ್ದಷ್ಟು. ಊರು ಮಲಗಿ ಎಷ್ಟೋ ಹೊತ್ತಾಗಿತ್ತು. ಮತ್ತೊಮ್ಮೆ ಕೇಳುತ್ತದೆಯೇ ಎಂದು ಉಸಿರು ಹಿಡಿದು ಕಾದೆ. ಕೇಳಿತು. ನನ್ನ ಗಂಡ ಉಮಾಪತಿ ಪಕ್ಕದಲ್ಲಿ ಗಾಢ ನಿದ್ದೆಯಲ್ಲಿದ್ದರು. ಅವರನ್ನು ಎಬ್ಬಿಸದೆ ಎದ್ದು ನಡುಮನೆಗೆ ಬಂದೆ.

ಅಲ್ಲಿ ಹೊಸ ಒಲೆ ಗಾಜಿನ ಹಿಂದೆ ಸಣ್ಣಗೆ ಉರಿಯುತ್ತಿತ್ತು. ಅದರ ತಗಡಿನ ತಲೆಯ ಮೇಲೆ ಮಸಿಯ ಒಂದೆರಡು ಚಕ್ಕೆಗಳು ಬಿದ್ದಿದ್ದವು. ಹಳೆಯ ಹೊಗೆಗೂಡಿನ ಬಾಯಿಗೆ ಅಡ್ಡಲಾಗಿ ಇಟ್ಟಿದ್ದ ತಗಡಿನ ಸಂದಿಯಿಂದ ಉದುರಿರಬೇಕು. ಒಲೆಯ ಪಕ್ಕದ ಮಂಚದಲ್ಲಿ ಮಲಗಿದ್ದ ಅತ್ತೆ ಮಗ್ಗುಲು ಬದಲಿಸಿದರು.

"ಯಾರದು?"

"ನಾನೇ ಅತ್ತೆ. ಏನೋ ಸದ್ದಾಯ್ತು."

"ನಿನಗೆ ಸದ್ದು ಕೇಳದೆ ಇರೋ ರಾತ್ರಿ ಯಾವುದಿದೆ ಪ್ರಮೀಳಾ? ಹೋಗಿ ಮಲಕ್ಕೋ."

ಅದು ಸುಳ್ಳಲ್ಲ. ಹಾಕಿದ ಚಿಲಕವನ್ನು ಮತ್ತೆ ಮತ್ತೆ ಎದ್ದು ಬಂದು ನೋಡುವವಳು ನಾನು. ಮನೆಯಲ್ಲೇ ಕೂತು ಅಚ್ಚಿನ ಕರಡು ತಿದ್ದುವ ಕೆಲಸ ನನ್ನದು; ತಪ್ಪು ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೆ ಎನ್ನುವ ಅಭ್ಯಾಸ ಕೆಲಸ ಮುಗಿದ ಮೇಲೂ ಬಿಡುವುದಿಲ್ಲ. ಆದರೆ ಮಸಿ ಒಲೆಯ ಮೇಲೆ ಬೀಳಬಾರದು ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಹೊಗೆಗೂಡಿನಲ್ಲಿ ಮೇಲಕ್ಕೆ ಹೋಗಬೇಕಾದದ್ದು ಹೋಗುತ್ತಿದ್ದರೆ ಅಲ್ಲಿಂದ ಏನೂ ಕೆಳಗೆ ಬರಬಾರದು.

ನಮ್ಮ ಊರಿನಲ್ಲಿ ಒಲೆ ಹಚ್ಚಿದವರ ಮನಸ್ಸು ಎಲ್ಲಿದೆಯೋ ಹೊಗೆ ಅತ್ತ ವಾಲುತ್ತದೆ. ಗಾಳಿ ಯಾವ ಕಡೆಗಾದರೂ ಬೀಸಲಿ. ಇದಕ್ಕೆ ತಕ್ಕ ಹಾಗೆ ಜನ ಬದುಕುವುದನ್ನು ಕಲಿತಿದ್ದಾರೆ. ಬೆಳಗಿನ ತಿಂಡಿ ಆಗುವ ತನಕ ಇನ್ನೊಬ್ಬರ ಹೊಗೆಗೂಡಿನ ಕಡೆ ಕತ್ತೆತ್ತಿ ನೋಡುವುದು ಮರ್ಯಾದೆಯಲ್ಲ. ಹೊಸದಾಗಿ ಮದುವೆಯಾದ ಮನೆಯ ಹೊಗೆ ಹುಡುಗಿಯ ತವರಿನ ಕಡೆ ಬಾಗಿದರೆ ಯಾರೂ ಆಡಿಕೊಳ್ಳುವುದಿಲ್ಲ, ಒಂದು ಮಳೆಗಾಲ ಕಾಯುತ್ತಾರೆ. ಬಸ್ ನಿಲ್ದಾಣದ ಹೋಟೆಲಿನ ಹೊಗೆ ಮಧ್ಯಾಹ್ನ ಅಡುಗೆಯವನ ಮನೆಯತ್ತ ಹೊರಳಿದರೆ ಗಿರಾಕಿಗಳು ಬೇಗ ಬೇಗ ಉಂಡು ಏಳುತ್ತಾರೆ. ನೆರೆಯವರ ಮೇಲೆ ಸಿಟ್ಟಿದ್ದ ದಿನ ಒಲೆ ಹಚ್ಚುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ವಾಡಿಕೆ.

ನಮ್ಮ ಮನೆಯಲ್ಲಿ ಒಲೆ ಹಚ್ಚುವವರು ಯಾವಾಗಲೂ ಅತ್ತೆ ನೀಲಮ್ಮನವರೇ. ಊರಿನ ನಡುವೆ ಆಳವಾದ ಹಳ್ಳವಿದೆ. ಅತ್ತೆಯ ಹೊಗೆ ಪ್ರತಿ ಬೆಳಿಗ್ಗೆ ಆ ಹಳ್ಳದ ಮೇಲೆ ಬಾಗಿ, ಆಚೆ ದಡದ ಒಂದು ಹೆಂಚಿನ ಮನೆಯ ಕಡೆಗೆ ಹೋಗುತ್ತಿತ್ತು. ಅದು ಅವರ ಮಗಳು ಲೋಲಾಕ್ಷಿ ಅಕ್ಕನ ಮನೆ. ಅಕ್ಕ ತಾನೇ ನೋಡಿ ಮದುವೆಯಾದಾಗ ಮಾವ ಸೇತುವೆಯ ಮೇಲೆ ನಿಂತು, ಇನ್ನು ಇವಳಿಗೂ ನಮಗೂ ಮಾತಿಲ್ಲ ಎಂದಿದ್ದರಂತೆ. ಮಾವ ತೀರಿಕೊಂಡರು, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರೂ ಉಳಿಯಲಿಲ್ಲ. ತಾಯಿ ಮಗಳು ಆಮೇಲೆ ಎದುರುಬದುರು ನಿಂತದ್ದಿಲ್ಲ. ಆದರೆ ಅತ್ತೆಯ ಹೊಗೆ ಹಳ್ಳ ದಾಟಿದ ಸ್ವಲ್ಪ ಹೊತ್ತಿಗೆ ಆ ಹೆಂಚಿನ ಮನೆಯಿಂದ ಇನ್ನೊಂದು ಹೊಗೆ ಎದ್ದು ನಮ್ಮತ್ತ ಬಾಗುತ್ತಿತ್ತು. ಅತ್ತೆ ಅಂಗಳದ ಕಲ್ಲಿನ ಮೇಲೆ ಕೂತು ಅದನ್ನು ನೋಡಿ, ಆಮೇಲೆ ಕಾಫಿ ಕುಡಿಯುತ್ತಿದ್ದರು.

"ಒಂದು ಸಲ ಫೋನ್ ಮಾಡಿ ಅತ್ತೆ" ಎಂದು ನಾನು ಹೇಳಿದ್ದುಂಟು.

"ಮಾತಾಡಿದರೆ ಜಗಳ ಆಗುತ್ತೆ. ಹೊಗೆ ಜಗಳ ಆಡಲ್ಲ" ಎಂದರು.

ಹೋದ ಚಳಿಗಾಲದಲ್ಲಿ ಅವರ ಉಬ್ಬಸ ಹೆಚ್ಚಾಯಿತು. ಇನ್ನು ಸೌದೆ ಒಲೆಯ ಮುಂದೆ ಕೂರಿಸಿದರೆ ಬೇಸಿಗೆ ಕಾಣುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಬೆಂಕಿಯಿಲ್ಲದೆ ನಮ್ಮ ಊರಿನ ಚಳಿಯನ್ನು ಕಳೆಯಲಾಗದು. ಹಾಗಾಗಿ ಪೆಲೆಟ್ ಒಲೆ ಬಂತು. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ತುಂಡುಗಳನ್ನು ಮೇಲಿನ ಡಬ್ಬಿಗೆ ಸುರಿದು ಗುಂಡಿ ಒತ್ತಿದರೆ ಸಾಕು, ಅದೇ ಹೊತ್ತಿಕೊಳ್ಳುತ್ತದೆ. ಒಳಗಿನ ಫ್ಯಾನು ಹೊಗೆಯನ್ನು ಹಿಂದಿನ ಕೊಳವೆಗೆ ನೂಕುತ್ತದೆ. ಅತ್ತೆ ಇದಕ್ಕೆ ಗುಳಿಗೆ ಒಲೆ ಎಂದು ಹೆಸರಿಟ್ಟರು. ಡಾಕ್ಟರು ಬರೆದುಕೊಟ್ಟದ್ದಲ್ಲವೇ, ಎಂದರು.

ಕೂರಿಸಲು ಬಂದವನು ಚೌಡಣ್ಣ. ಒಲೆಯನ್ನು ಹಳೆಯ ಒಲೆಯ ಜಾಗದಲ್ಲೇ ಇಟ್ಟು, ಅದರ ಕೊಳವೆಯನ್ನು ಹಳೆಯ ಹೊಗೆಗೂಡಿನೊಳಗೆ ಆಳೆತ್ತರ ಏರಿಸಿ ನಿಲ್ಲಿಸಿದ. ಒಲೆಯ ಜೊತೆ ಬಂದಿದ್ದ ಪುಸ್ತಕವನ್ನು ನಾನು ಆಗಲೇ ಓದಿ ಮುಗಿಸಿದ್ದೆ.

"ಕೊಳವೆ ತುದಿತನಕ ಹೋಗಬೇಕಂತೆ" ಎಂದೆ. "ಈ ಹೊಗೆಗೆ ಸೌದೆ ಹೊಗೆಯಷ್ಟು ಬಿಸಿ ಇರಲ್ಲ. ಅಗಲವಾದ ಹೊಗೆಗೂಡಿನಲ್ಲಿ ಬಿಟ್ಟರೆ ತಣ್ಣಗಾಗಿ ಅಲ್ಲೇ ನಿಲ್ಲುತ್ತೆ."

"ಪುಸ್ತಕ ಬರೆದವರು ನಮ್ಮೂರಿನವರಲ್ಲ ಮೇಡಮ್" ಎಂದ ಚೌಡಣ್ಣ. "ಹೊಗೆ ಇಟ್ಟಿಗೆ ಮುಟ್ಟಬೇಕು. ಮುಟ್ಟದಿದ್ದರೆ ವಾಲೋದು ಹೇಗೆ? ಈ ಬೀದಿಯಲ್ಲಿ ಎಲ್ಲರಿಗೂ ಅರ್ಧ ಕೊಳವೆನೇ ಹಾಕಿರೋದು."

"ಕೆಳಗಿನ ತಗಡನ್ನಾದರೂ ಬಿಗಿಯಾಗಿ ಮುಚ್ಚಿ."

"ಸ್ವಲ್ಪ ಸಂದಿ ಇರಲಿ. ಇಟ್ಟಿಗೆ ಉಸಿರಾಡಬೇಕಲ್ಲ."

ನಾನು ಗಂಡನ ಮುಖ ನೋಡಿದೆ. ಅವರು ಅಮ್ಮನ ಮುಖ ನೋಡಿದರು. ಅತ್ತೆ, "ಅವನು ಹೇಳಿದ ಹಾಗೇ ಆಗಲಿ. ಇಟ್ಟಿಗೆ ಮುಟ್ಟದ ಹೊಗೆ ದಾರಿ ಮರೆತು ಎಲ್ಲಿಗೋ ಹೋಗುತ್ತೆ" ಎಂದರು. ಮಾತು ಮುಗಿಯಿತು.

ಮೊದಲ ದಿನ ಗುಂಡಿ ಒತ್ತಿದವರು ಅತ್ತೆ. ಅಗಲ ಹೊಗೆಗೂಡಿನಲ್ಲಿ ತಂಗಿ, ತಣ್ಣಗಾಗಿ, ಮಂದವಾಗಿ ಹೊರಬಿದ್ದ ಬೂದು ಹೊಗೆ ಸ್ವಲ್ಪ ತಡೆದು ಹಳ್ಳದ ಮೇಲೆ ವಾಲಿತು. ಪಕ್ಕದ ಮನೆಯ ಕನಕಕ್ಕ ಮರ್ಯಾದೆಯ ಹೊತ್ತಿಗೂ ಕಾಯದೆ ಕಾಂಪೌಂಡಿನ ಮೇಲಿಂದ ಇಣುಕಿ, "ಗುಂಡಿ ಒತ್ತಿದರೂ ನೀಲಮ್ಮನ ಬುದ್ಧಿ ಬಿಡಲಿಲ್ಲ ನೋಡಿ" ಎಂದಳು. ಅತ್ತೆ ನಕ್ಕರು. ಆ ದಿನ ಅವರು ಎರಡು ಲೋಟ ಕಾಫಿ ಕುಡಿದರು.

ಮಸಿ ಬಿದ್ದ ರಾತ್ರಿಯ ನಂತರ ನಾನು ಒಲೆಯನ್ನು ಹೆಚ್ಚು ಗಮನಿಸತೊಡಗಿದೆ. ಗಾಜು ಬೇಗ ಕಪ್ಪಾಗುತ್ತಿತ್ತು. ಉರಿ ಚುರುಕಾಗಿರದೆ ಸೋಮಾರಿಯಂತೆ ಕೆಂಪಗೆ ತೂಗಾಡುತ್ತಿತ್ತು. ಅತ್ತೆಗೆ ಬೆಳಿಗ್ಗೆ ಎದ್ದಾಗ ತಲೆನೋವು. ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕುಡಿಯುತ್ತಿದ್ದರು. ಕನಕಕ್ಕನಿಗೂ ತಲೆನೋವಂತೆ. ನನ್ನ ಕಳವಳವನ್ನು ಗಂಡನಿಗೆ ಹೇಳಿದೆ. ಅವರು ಸಮಾಧಾನವಾಗಿಯೇ ಕೇಳಿ, "ನೀನು ಗೀಸರ್ ತಂದಾಗಲೂ ಒಂದು ತಿಂಗಳು ನಿದ್ದೆ ಮಾಡಿರಲಿಲ್ಲ ಕಣೇ" ಎಂದರು.

ಮಂಜು ಕವಿದ ಒಂದು ಮಧ್ಯಾಹ್ನ ನಾನು ಮೇಜಿನ ಮುಂದೆ ಕರಡು ತಿದ್ದುತ್ತಿದ್ದೆ. ಅತ್ತೆ ಒಲೆಯ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಿದಾಗ ಕಂಡಿತು: ಅವರು ಸಿಪ್ಪೆಯನ್ನು ಪಾತ್ರೆಗೆ ಹಾಕಿ ಕಾಳನ್ನು ಕಸದ ಮೊರಕ್ಕೆ ಹಾಕುತ್ತಿದ್ದರು.

"ಅತ್ತೆ, ಕಾಳು ಈ ಕಡೆ."

"ಹೌದಲ್ಲ" ಎಂದು ನಕ್ಕರು. ಮುಂದಿನ ಕಾಯಿಯನ್ನು ಸುಲಿದು ಕಾಳನ್ನು ಮತ್ತೆ ಮೊರಕ್ಕೆ ಹಾಕಿದರು. ಅವರ ಕೆನ್ನೆ ಕೆಂಪಾಗಿತ್ತು. ನಾನು ಏಳಲು ಹೋದಾಗ ನನಗೂ ಕಾಲು ನಿಲ್ಲಲಿಲ್ಲ. ಆಗ ಅರ್ಥವಾಯಿತು. ಮುಂಬಾಗಿಲು ತೆಗೆದು, ಅವರ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಹೊರಗಿನ ಜಗಲಿಗೆ ತಂದೆ. "ಬಿಡೇ, ಕಾಳು ಚೆಲ್ಲುತ್ತೆ" ಎನ್ನುತ್ತಲೇ ಅವರು ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದರು.

ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕ ಹಾಕಿದರು. ಒಲೆಯ ವಿಷಗಾಳಿ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದರು. ಇನ್ನೊಂದು ಸಲ ಹೀಗಾದರೆ ಇಲ್ಲಿಗೆ ತರುವ ಅಗತ್ಯ ಇರುವುದಿಲ್ಲ ಎಂದೂ ಹೇಳಿದರು. ನನ್ನ ಗಂಡ ಆಸ್ಪತ್ರೆಯ ಬೆಂಚಿನಿಂದ ಎದ್ದು ಬಂದು, "ಪುಸ್ತಕದಲ್ಲಿ ಇರೋ ಹಾಗೇ ಮಾಡಿಸು" ಎಂದರು.

ಅತ್ತೆ ಮನೆಗೆ ಬರುವಷ್ಟರಲ್ಲಿ ಕೆಲಸ ಮುಗಿಯಿತು. ಚೌಡಣ್ಣ ಮೊದಲು ಹಳೆಯ ಹೊಗೆಗೂಡನ್ನು ಪೂರ್ತಿ ಗುಡಿಸಿದ. ಬುಟ್ಟಿಗಟ್ಟಲೆ ಮಸಿ ಬಂತು. ಆಮೇಲೆ ಮಾಡಿನ ಮೇಲೆ ಹತ್ತಿ, ಬಾಗುವಂಥ ಸ್ಟೀಲ್ ಕೊಳವೆಯನ್ನು ಹಗ್ಗ ಕಟ್ಟಿ ಮೇಲಿನಿಂದ ಇಳಿಬಿಟ್ಟ. ನಾನು ಕೆಳಗೆ ನಿಂತು ಹಗ್ಗ ಎಳೆದೆ. ಒಲೆಯ ಹಿಂಬದಿಗೆ ಕೊಳವೆ ಜೋಡಿಸಿ, ಸುತ್ತಲ ಸಂದಿಗೆ ಬೆಂಕಿ ತಡೆಯುವ ಉಣ್ಣೆ ತುಂಬಿ, ತಗಡು ಬಿಗಿದು, ಮೇಲೆ ಕೊಳವೆಯ ತುದಿಗೆ ಟೋಪಿ ಇಟ್ಟ.

"ಬೇರೆ ಮನೆಗಳದ್ದೂ ಸರಿ ಮಾಡಿ ಚೌಡಣ್ಣ" ಎಂದೆ.

"ಅವರು ಒಪ್ಪಬೇಕಲ್ಲ. ಈಗ ನೋಡಿ, ನಿಮ್ಮನೆ ಹೊಗೆ ಕಣ್ಣಿಗೆ ಕಾಣೋದೇ ಇಲ್ಲ. ಕಾಣದ ಹೊಗೆ ವಾಲಿದರೇನು, ಬಿಟ್ಟರೇನು? ಜನ ಏನಂತಾರೆ? ಏನೋ ಮುಚ್ಚಿಡ್ತಿದಾರೆ ಅಂತಾರೆ."

ಅವನು ಹೇಳಿದ್ದು ಸರಿಯಾಗಿತ್ತು. ಪೂರ್ತಿ ಕೊಳವೆ ಬಂದ ಮೇಲೆ ಒಲೆ ಚೆನ್ನಾಗಿ ಉರಿಯಿತು, ಗಾಜು ತಿಳಿಯಾಯಿತು, ಅತ್ತೆಯ ತಲೆನೋವು ಹೋಯಿತು. ಆದರೆ ಹೊಗೆಗೂಡಿನ ತುದಿಯಲ್ಲಿ ಬಿಸಿಗಾಳಿ ತುಸು ನಡುಗಿದಂತೆ ಕಾಣುತ್ತಿತ್ತೇ ಹೊರತು ಹೊಗೆಯೆಂಬುದು ಇರಲಿಲ್ಲ. ಅತ್ತೆ ಗುಂಡಿ ಒತ್ತಿ ಅಂಗಳದ ಕಲ್ಲಿನ ಮೇಲೆ ಕೂರುತ್ತಿದ್ದರು. ಅವರು ಆಸ್ಪತ್ರೆಯಲ್ಲಿದ್ದಾಗ ಲೋಲಾಕ್ಷಿ ಅಕ್ಕನ ಹೊಗೆ ಆಸ್ಪತ್ರೆಯ ಕಡೆಗೆ ವಾಲಿತ್ತು ಎಂದು ಕನಕಕ್ಕ ಬಂದು ಹೇಳಿದ್ದಳು. ಮನೆಗೆ ಬಂದ ಮೇಲೆ ಕೆಲವು ದಿನ ಅದು ನಮ್ಮತ್ತ ವಾಲಿ ಕಾಯಿತು. ನಮ್ಮ ಕಡೆಯಿಂದ ಏನೂ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅದು ನೆಟ್ಟಗೆ ಮೇಲೆದ್ದು ಹಾಗೇ ನಿಂತಿತು. ಮಾರನೆಯ ದಿನವೂ ನೆಟ್ಟಗೇ ಇತ್ತು.

"ಮನಸ್ಸು ತೆಗೆದಳು" ಎಂದರು ಅತ್ತೆ.

"ಹಾಗಲ್ಲ ಅತ್ತೆ. ನಿಮ್ಮ ಹೊಗೆ ಅವರಿಗೆ ಕಾಣ್ತಿಲ್ಲ ಅಷ್ಟೆ. ನಾನು ಹೋಗಿ ಹೇಳಿ ಬರ್ತೀನಿ."

"ಹೇಳಿ ಕಳಿಸಿದರೆ ಅದು ಸುದ್ದಿ, ಹೊಗೆ ಅಲ್ಲ. ನೀನು ಸೇತುವೆ ದಾಟಿದರೆ ನನ್ನಾಣೆ." ಕಾಫಿ ಲೋಟವನ್ನು ಮುಟ್ಟದೆ ಒಳಗೆ ಹೋದರು. ಊಟ ಕಡಿಮೆಯಾಯಿತು. ಶುಕ್ರವಾರ ಮಗನನ್ನು ಕರೆದು, "ಚೌಡಣ್ಣನಿಗೆ ಹೇಳಿದೀನಿ. ಸೋಮವಾರ ಬಂದು ಕೊಳವೆ ಕತ್ತರಿಸ್ತಾನೆ. ಮೊದಲಿನ ಹಾಗೇ ಅರ್ಧ ಇರಲಿ" ಎಂದರು.

"ಅಮ್ಮಾ, ಡಾಕ್ಟರು ಏನಂದ್ರು ಕೇಳಿದೆಯಲ್ಲ."

"ಕೇಳಿದೀನಿ. ಈ ವಯಸ್ಸಿಗೆ ತಲೆನೋವಿಗೆ ಹೆದರಿ ಮಗಳನ್ನ ಬಿಡೋಕಾಗುತ್ತಾ?"

ಅಮ್ಮನೆದುರು ನನ್ನ ಗಂಡನ ಮಾತು ಯಾವತ್ತೂ ಎರಡನೆಯ ವಾಕ್ಯ ದಾಟಿದ್ದಿಲ್ಲ. ಚೌಡಣ್ಣ ಬಂದರೆ ಏನಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಇನ್ನೊಂದು ಮಂಜಿನ ದಿನ, ನಾನು ಪೇಟೆಗೆ ಹೋಗಿರುವ ಹೊತ್ತು. ಅಷ್ಟು ಸಾಕು.

ನಮ್ಮ ಬಚ್ಚಲಿನಲ್ಲಿ ಗೀಸರ್ ಬರುವ ಮೊದಲಿನ ಹಂಡೆ ಒಲೆ ಹಾಗೇ ಇದೆ. ಅದಕ್ಕೊಂದು ಮೋಟು ಹೊಗೆಗೂಡು, ಮಾಡಿನ ಹಿಂಬದಿಗೆ. ಅಂಗಳದಲ್ಲಿ ಕೂತವರಿಗಾಗಲಿ ಆಚೆ ದಡದವರಿಗಾಗಲಿ ಅದು ಕಾಣುವುದಿಲ್ಲ. ಅಲ್ಲಿ ಎದ್ದ ಹೊಗೆ ದೊಡ್ಡ ಹೊಗೆಗೂಡಿನಿಂದಲೇ ಎದ್ದಂತೆ ತೋರುತ್ತದೆ. ಶನಿವಾರ ಬೆಳಿಗ್ಗೆ ಅತ್ತೆ ಗುಂಡಿ ಒತ್ತಿ ಹೊರಗೆ ಹೋದ ಕೂಡಲೇ ನಾನು ಬಚ್ಚಲಿಗೆ ಹೋಗಿ, ಉಳಿದಿದ್ದ ಸೌದೆ ಜೋಡಿಸಿ, ಕಡ್ಡಿ ಗೀರಿದೆ.

ಆದರೆ ನಾನು ಹಚ್ಚಿದ ಹೊಗೆಯ ವಿಚಾರ ನನಗೆ ಗೊತ್ತಿದ್ದದ್ದೇ. ಮದುವೆಯಾಗಿ ಬಂದ ವರ್ಷ ಒಂದೇ ಒಂದು ಸಲ ಈ ಮನೆಯಲ್ಲಿ ಒಲೆ ಹಚ್ಚಿದ್ದೆ. ಹೊಗೆ ಯಾರೋ ಸೌಟು ತಿರುಗಿಸಿದ ಹಾಗೆ ಸುತ್ತಿತು. ಬೀದಿಯವರು ನಕ್ಕರು. ಆಮೇಲೆ ನನಗೆ ಯಾರೂ ಬೆಂಕಿಪೆಟ್ಟಿಗೆ ಕೊಡಲಿಲ್ಲ. ಶನಿವಾರವೂ ಹಾಗೇ ಆಯಿತು. ಹಿತ್ತಲಿನ ಮೆಟ್ಟಿಲ ಮೇಲೆ ನಿಂತು, ಲೋಲಾಕ್ಷಿ ಅಕ್ಕ, ಲೋಲಾಕ್ಷಿ ಅಕ್ಕ ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸಿದೆ. ಹೊಗೆ ಚೌಡಣ್ಣನ ಅಂಗಡಿಯ ಕಡೆ ಹೊರಟಿತು, ಆಸ್ಪತ್ರೆಯ ಕಡೆ ತಿರುಗಿತು, ನನ್ನ ಗಂಡ ಕೆಲಸಕ್ಕೆ ಹೋಗುವ ರಸ್ತೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಕಾಂಪೌಂಡಿನ ಆಚೆಯಿಂದ ಕನಕಕ್ಕನ ಧ್ವನಿ ಬಂತು.

"ನೀಲಮ್ಮಾ, ನಿಮ್ಮ ಹೊಗೆ ಇವತ್ತು ಬೆಳಗ್ಗೆ ಬೆಳಗ್ಗೆ ಯಾರನ್ನ ಹುಡುಕ್ತಿದೆ?"

"ದಾರಿ ಹುಡುಕ್ತಿದೆ ಕಣೇ" ಎಂದರು ಅತ್ತೆ. ಅವರ ಧ್ವನಿಯಲ್ಲಿ ಎಷ್ಟೋ ದಿನದ ಮೇಲೆ ಒಂದು ಆಸೆ ಕೇಳಿಸಿತು. ಅದನ್ನು ಕೇಳಿ ನನಗೆ ಹೆಚ್ಚು ಭಯವಾಯಿತು. ನಾನು ಹೊರಟದ್ದು ಸಣ್ಣ ಮೋಸಕ್ಕೆ. ಅದು ಅರ್ಧಕ್ಕೆ ನಿಂತರೆ ಮೊದಲಿಗಿಂತ ಕೆಟ್ಟದ್ದು.

ಭಾನುವಾರ ಕಡ್ಡಿ ಗೀರುವಾಗ ನಾನು ಹೆಸರು ಹೇಳಿಕೊಳ್ಳಲಿಲ್ಲ. ಬೇರೆ ಏನೋ ಮನಸ್ಸಿಗೆ ಬಂದುಬಿಟ್ಟಿತ್ತು. ನಿನ್ನೆ ಸುತ್ತಿದ ಹೊಗೆಯನ್ನು ಆಚೆ ದಡದಲ್ಲಿ ಆಕೆಯೂ ನೋಡಿರಬೇಕಲ್ಲವೇ? ನೋಡಿ ಏನೆಂದುಕೊಂಡಿರಬಹುದು? ಅಮ್ಮನಿಗೆ ಬುದ್ಧಿ ಅಸ್ಥಿರವಾಗಿದೆ ಎಂದೇ? ಕೇಳಲು ಯಾರಿದ್ದಾರೆ ಆಕೆಗೆ? ಚಳಿಯಲ್ಲಿ ಹೊರಗೆ ನಿಂತಿದ್ದಾಳೋ, ನಿಂತು ಸಾಕಾಗಿ ಒಳಗೆ ಹೋಗಿದ್ದಾಳೋ? ಶಾಲು ಹೊದ್ದಿದ್ದಾಳೋ ಇಲ್ಲವೋ? ತಾಯಿ ಆಸ್ಪತ್ರೆ ಸೇರಿದ್ದು ಆಕೆಗೆ ಹೇಗೆ ಗೊತ್ತಾಯಿತು, ಸಂತೆಯಲ್ಲಿ ಯಾರದೋ ಬಾಯಿಂದಲೇ? ಕೇಳಿದಾಗ ಕೈಯಲ್ಲಿ ಏನಿತ್ತು? ನಾನು ಚಿಲಕದ ಬಗ್ಗೆ, ಗ್ಯಾಸಿನ ಬಗ್ಗೆ ಹೇಗೆ ಚಿಂತಿಸುತ್ತೇನೋ ಹಾಗೆಯೇ ನಾನು ಒಮ್ಮೆಯೂ ಮಾತಾಡಿಸದ ಆ ಹೆಂಗಸಿನ ಬಗ್ಗೆ ಚಿಂತಿಸುತ್ತಾ ಕೂತೆ. ಸೌದೆ ನೂಕುವುದನ್ನೂ ಮರೆತಿದ್ದೆ.

"ಪ್ರಮೀಳಾ" ಎಂದು ಅತ್ತೆ ಅಂಗಳದಿಂದ ಕೂಗಿದರು. "ಬಾರೇ ಇಲ್ಲಿ."

ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಹೋದೆ. ಮಾಡಿನ ಮೇಲಿನಿಂದ ಹೊಗೆ ಎಲ್ಲೂ ತಡೆಯದೆ, ಹಗ್ಗ ಕಟ್ಟಿ ಎಳೆದ ಹಾಗೆ, ಹಳ್ಳದ ಮೇಲೆ ಹಾದು ಹೆಂಚಿನ ಮನೆಗೆ ಹೋಗುತ್ತಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಚೆ ದಡದಲ್ಲಿ ನೆಟ್ಟಗೆ ನಿಂತಿದ್ದ ಹೊಗೆ ಬಹಳ ಹೊತ್ತು ಹಾಗೇ ಇದ್ದು, ಆಮೇಲೆ ನಿಧಾನವಾಗಿ ನಮ್ಮತ್ತ ಬಾಗಿತು. ಅತ್ತೆ ನನ್ನ ಕೈ ಬಿಟ್ಟು, "ಕಾಫಿ ಆರಿಹೋಯ್ತು. ಇನ್ನೊಂದು ಲೋಟ ಮಾಡು" ಎಂದರು.

ಸೋಮವಾರ ಚೌಡಣ್ಣ ಕೊಳವೆ ಕತ್ತರಿಸುವ ಯಂತ್ರ ಹೊತ್ತು ಬಂದಾಗ ಅತ್ತೆ ಗೇಟಿನಲ್ಲೇ ತಡೆದರು. "ಬೇಡ ಕಣಪ್ಪ. ಅದಕ್ಕೂ ದಾರಿ ಗೊತ್ತಾಗಿದೆ. ನಾಕು ದಿನ ಕಲಿಯೋಕೆ ಬೇಕಿತ್ತು ಅಷ್ಟೆ."

ಚೌಡಣ್ಣ ಕತ್ತೆತ್ತಿ ನೋಡಿದ. ಹೊಗೆ ದಾಟುತ್ತಲೇ ಇತ್ತು. "ನಾನೂ ಅದನ್ನೇ ಹೇಳ್ತಿದ್ದೆ ಅಮ್ಮಾ" ಎಂದ. "ಪುಸ್ತಕದಲ್ಲೇ ಇದೆ."

ನೀಲಮ್ಮನ ಹೊಗೆಯೇ ದಾಟಿತು ಎಂದ ಮೇಲೆ ತಮ್ಮದೇನು ಎಂದು ಕನಕಕ್ಕ ಆ ವಾರವೇ ಪೂರ್ತಿ ಕೊಳವೆ ಹಾಕಿಸಿದಳು. ಅವಳ ಪಕ್ಕದವರೂ ಹಾಕಿಸಿದರು. ಅವರ ಮಾಡಿನ ಮೇಲೆ ನನಗಂತೂ ಏನೂ ಕಾಣಲಿಲ್ಲ. "ಸಣ್ಣಗೆ ವಾಲುತ್ತೆ, ಕಣ್ಣು ಚುರುಕಿದ್ದವರಿಗೆ ಕಾಣುತ್ತೆ" ಎಂದಳು ಕನಕಕ್ಕ. ಬೆಳಗಿನ ತಲೆನೋವು ಹೋದದ್ದು ಧನಿಯಾ ಕಷಾಯದಿಂದ ಎಂದೂ ಹೇಳಿದಳು. ಬೀದಿಯಲ್ಲಿ ಒಬ್ಬೊಬ್ಬರಾಗಿ ಚೌಡಣ್ಣನನ್ನು ಕರೆಸತೊಡಗಿದರು.

ಒಂದು ರಾತ್ರಿ ಊಟದ ಹೊತ್ತಿಗೆ ನನ್ನ ಗಂಡ, "ಹಂಡೆಯಲ್ಲಿ ದಿನಾ ನೀರು ಕಾದಿರುತ್ತಲ್ಲ. ಗೀಸರ್ ಕೆಟ್ಟಿದೆಯಾ?" ಎಂದು ಕೇಳಿದರು. ಅತ್ತೆ ತುತ್ತು ಕಲಸುತ್ತಿದ್ದವರು ಕೈ ನಿಲ್ಲಿಸಿದರು.

"ಇಲ್ಲ. ಹಂಡೆ ನೀರು ಮೈಗೆ ಹಿತ" ಎಂದೆ.

"ಹಾಗಾದರೆ ನನಗೂ ಅದನ್ನೇ ಹಾಕು" ಎಂದು ಅತ್ತೆ ಮತ್ತೆ ಕಲಸತೊಡಗಿದರು.

ಎಲ್ಲರೂ ಎದ್ದ ಮೇಲೆ ಅಡುಗೆಮನೆಯಲ್ಲಿ ನಿಂತು, ಗಂಡನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸಿದೆ. ಹೇಳಬೇಕು ಎನಿಸಿತ್ತು, ಮನೆಯೊಳಗೆ ನಾನೊಬ್ಬಳೇ ಹೊತ್ತ ವಿಷಯ ನನಗೆ ನಿದ್ದೆ ಕೊಡುವುದಿಲ್ಲ. ಮಾತುಗಳನ್ನು ಹಲವು ಬಗೆಯಾಗಿ ಜೋಡಿಸಿ ನೋಡಿದೆ. ಹೇಗೆ ಜೋಡಿಸಿದರೂ ಕೊನೆಗೆ ಅಮ್ಮನ ಹೊಗೆ ಅಮ್ಮನದಲ್ಲ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ನನ್ನ ಗಂಡ ಅದನ್ನು ಮುಚ್ಚಿಡಬಲ್ಲವರಲ್ಲ. ಮಾರನೆಯ ದಿನವೇ ಕೊಳವೆ ಅರ್ಧವಾಗುತ್ತದೆ, ಬೀದಿಯ ಉಳಿದ ಕೊಳವೆಗಳೂ ಅರ್ಧವಾಗುತ್ತವೆ. ಅಲ್ಲದೆ, ಆ ಹೊಗೆಯಲ್ಲಿ ಸುಳ್ಳು ಯಾವುದು? ನನ್ನ ಮನಸ್ಸು ಆ ದಡಕ್ಕೆ ಹೋಗಿಯೇ ಹೋಗಿತ್ತು, ಈಗಲೂ ದಿನಾ ಹೋಗುತ್ತದೆ. ಗಂಡನಿಗಾಗಲಿ, ಚೌಡಣ್ಣನಿಗಾಗಲಿ, ಎಂದಾದರೊಂದು ದಿನ ಸೇತುವೆ ದಾಟಿದರೆ ಲೋಲಾಕ್ಷಿ ಅಕ್ಕನಿಗಾಗಲಿ ಈ ಮಾತು ಹೇಳಬಾರದು ಎಂದು, ಅತ್ತೆ ಉಂಡ ತಟ್ಟೆಯನ್ನು ತೊಳೆಯುತ್ತಾ ನಿಂತಲ್ಲೇ ತೀರ್ಮಾನಿಸಿದೆ.